ಗುರುವಿನೊಡನೆ ಕಡಲಾಚೆಗೆ

ಅಲ್ಪಾವಧಿಯ ವಿದೇಶವ್ಯಾಸಂಗವು ವಿಶ್ವವಿದ್ಯಾನಿಲಯದ ಕಚೇರಿಯಲ್ಲಿ ಹುಟ್ಟಿದುದಲ್ಲ. ಅಧ್ಯಾಪಕರ ಬೇಸಗೆಯ ರಜೆಯಲ್ಲಿ ಹುಟ್ಟಿದುದು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ 1879ರಲ್ಲಿ ಬಂದ ಮತ್ಸ್ಯಶಾಸ್ತ್ರಜ್ಞ ಡೇವಿಡ್ ಸ್ಟಾರ್ ಜೋರ್ಡನ್ ಅವರು ಶಿಷ್ಯರನ್ನು ಯೂರೋಪಿಗೆ ಕರೆದೊಯ್ಯತೊಡಗಿದರು. ‘ಬೇಸಗೆಯ ಅಲೆದಾಟ’ವೆಂದೇ ಅದರ ಹೆಸರು. ಸ್ವಿಟ್ಜರ್ಲೆಂಡ್, ಫ್ರಾನ್ಸ್, ಇಂಗ್ಲೆಂಡುಗಳಲ್ಲಿ ಭಾಷೆ, ನಿಸರ್ಗಶಾಸ್ತ್ರ, ಸಂಸ್ಕೃತಿಗಳ ಪಾಠ ನಡೆಯಿತು. ನಡೆಯಿತೆಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. 1881ರಲ್ಲಿ ಅವರು ಸಂಗಡಿಗರೊಡನೆ ಮ್ಯಾಟರ್‌ಹಾರ್ನ್ ಶಿಖರವನ್ನೂ ಏರಿದರು.

ಇದು ವಿದ್ಯೆಯೋ ವಿಹಾರವೋ? ಪ್ರಶ್ನೆ ತೀಕ್ಷ್ಣವಾದುದು 1926ರಲ್ಲಿ. ಪ್ರವಾಸಾನುಭವವೂ ಪದವಿಯ ಲೆಕ್ಕಕ್ಕೆ ಸಲ್ಲಬೇಕೆಂಬುದು ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ಪ್ರಾಧ್ಯಾಪಕ ಜೇಮ್ಸ್ ಲಾಫ್ ಅವರ ವಾದ. ಮೊದಲು ಬೆಂಬಲಿಸಿದ ವಿಶ್ವವಿದ್ಯಾನಿಲಯವು ಹಡಗು ಹೊರಡುವ ಮುನ್ನವೇ ಕೈಬಿಟ್ಟಿತು. ಆದರೂ ಸುಮಾರು 500 ವಿದ್ಯಾರ್ಥಿಗಳೊಡನೆ ‘ರೈನ್‌ಡಾಮ್’ ಹಡಗು ಭೂಪ್ರದಕ್ಷಿಣೆಗೆ ಹೊರಟಿತು, 1927ರಲ್ಲಿ ಮರಳಿತು. ಹಡಗಿನ ತರಗತಿಗಳಿಗಿಂತ ವಿದ್ಯಾರ್ಥಿಗಳ ಮದ್ಯಪಾನವೇ ಪತ್ರಿಕೆಗಳಿಗೆ ರುಚಿಸಿತು. ಪತ್ರಿಕೆಗಳ ಈ ತೀರ್ಪು ಅನ್ಯಾಯದ್ದು; ಕೆಲವರ ಪುಂಡಾಟದಿಂದ ಗುರುವಿನ ಪಾಠ ಸುಳ್ಳಾಗದು. ನಿಜವಾದ ವಿವಾದವಿದ್ದುದು ಜ್ಞಾನಕ್ಕೆ ಮುದ್ರೆಯೊತ್ತುವ ಅಧಿಕಾರ ಯಾರದೆಂಬುದರಲ್ಲಿ. ಇಂದು ಅಮೆರಿಕದಿಂದ ವಿದೇಶವ್ಯಾಸಂಗಕ್ಕೆ ಹೋಗುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯದು ಬೇಸಗೆಯ ಅಥವಾ ಎಂಟು ವಾರಗಳೊಳಗಿನ ವ್ಯಾಸಂಗ. ಅದಕ್ಕೆ ಅಂಕ ನೀಡುವವು ವಿಶ್ವವಿದ್ಯಾನಿಲಯಗಳೇ.