ಷಟ್ಕೋನಗಳ ನಕ್ಷೆಯ ಮೇಲೆ ವಾಟರ್ಲೂ: ಯುದ್ಧಕ್ರೀಡೆಯ ಯೋಜನೆಯಲ್ಲಿ ಇತಿಹಾಸದ ವಿವೇಚನೆ

ಕದನವೊಂದನ್ನು ಮೇಜಿನ ಮೇಲೆ ಪುಟ್ಟ ಬೊಂಬೆಗಳಿಂದ ಆಡಿ ತೋರಿಸುವುದು ಕೇವಲ ಮಕ್ಕಳ ವಿನೋದವೆಂದು ಭಾವಿಸುವವರು ಬಹುಮಂದಿ. ಇತಿಹಾಸದ ಅಧ್ಯಾಪಕರಲ್ಲಿಯೂ ಈ ಅಭಿಪ್ರಾಯವು ಸಾಮಾನ್ಯವಾಗಿದೆ. ಆದರೆ ಅಂತಹ ಆಟವನ್ನು ಆಡುವುದು ಒಂದು ಕೆಲಸ, ಅದನ್ನು ಯೋಜಿಸುವುದು ಮತ್ತೊಂದು. ಯೋಜಿಸುವವನು ನೆಲವನ್ನು ಅಳೆಯಬೇಕು, ಕಾಲವನ್ನು ವಿಭಾಗಿಸಬೇಕು, ಯಾರಿಗೆ ಯಾವಾಗ ಏನು ತಿಳಿದಿತ್ತೆಂಬುದನ್ನು ನಿರ್ಣಯಿಸಬೇಕು. ಇವು ಮೂರೂ ಇತಿಹಾಸಕಾರನ ಕೆಲಸಗಳೇ. ಈ ಸಂಗತಿಯನ್ನು ಒಂದು ಪ್ರಸಿದ್ಧ ಕದನದ ಉದಾಹರಣೆಯಿಂದ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಬಗೆಯ ಆಟಗಳ ಮೂಲವು ಚದುರಂಗದಲ್ಲಿದೆ. ಆನೆ, ಕುದುರೆ, ರಥ, ಪದಾತಿ ಎಂಬ ಚತುರಂಗಬಲವೇ ಆ ಆಟಕ್ಕೆ ಹೆಸರನ್ನೂ ಕಾಯಿಗಳನ್ನೂ ಕೊಟ್ಟಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರಿಗೆ ಒಪ್ಪುವ ವಿನೋದಗಳ ಸಾಲಿನಲ್ಲಿ ಚದುರಂಗಕ್ಕೂ ಸ್ಥಾನವಿತ್ತಿದ್ದಾನೆ. ಯೂರೋಪಿನಲ್ಲಿ ಬ್ರನ್ಸ್‌ವಿಕ್ಕಿನ ಗಣಿತಾಧ್ಯಾಪಕ ಹೆಲ್‌ವಿಗ್ ಎಂಬುವನು 1780ರಲ್ಲಿ ಈ ಚದುರಂಗವನ್ನೇ ಹಿಗ್ಗಿಸಿ, 1,617 ಮನೆಗಳುಳ್ಳ ಹಾಸನ್ನು ರಚಿಸಿದನು. ಬೆಟ್ಟ, ಜೌಗು, ನೀರು ಮುಂತಾದುವನ್ನು ಬೇರೆ ಬೇರೆ ಬಣ್ಣಗಳಿಂದ ಸೂಚಿಸಿದನು. ಅದುವರೆಗೆ ಎಲ್ಲೆಡೆಯೂ ಸಮನಾಗಿದ್ದ ಆಟದ ಹಾಸು ಆಗ ಭೂಮಿಯ ಗುಣವನ್ನು ಪಡೆಯಿತು.

ಮುಂದಿನ ಹೆಜ್ಜೆ ಪ್ರಷ್ಯದ್ದು. ರೈಸ್‌ವಿಟ್ಸ್ ಎಂಬ ಅಧಿಕಾರಿಯು 1812ರಲ್ಲಿ ಅರಸ ಮೂರನೆಯ ಫ್ರೆಡರಿಕ್ ವಿಲಿಯಮನಿಗೆ ಉಬ್ಬುತಗ್ಗುಗಳುಳ್ಳ ಭೂಖಂಡಗಳನ್ನು ಜೋಡಿಸಿ ಆಡುವ ಮೇಜೊಂದನ್ನು ಒಪ್ಪಿಸಿದನು. ಫಿರಂಗಿದಳದ ಅಧಿಕಾರಿಯಾಗಿದ್ದ ಅವನ ಮಗನು 1824ರಲ್ಲಿ ಹೊಸ ನಿಯಮಗಳನ್ನು ಪ್ರಕಟಿಸಿ, ಮನೆಗಳನ್ನೇ ತೆಗೆದುಹಾಕಿದನು. ಅವನ ಆಟವು 1:8000 ಪ್ರಮಾಣದ ನಕ್ಷೆಯ ಮೇಲೆ ನಡೆಯುತ್ತಿತ್ತು. ಒಂದೊಂದು ಸರದಿಗೆ ಎರಡು ನಿಮಿಷಗಳ ಕಾಲ. ನಷ್ಟವನ್ನು ದಾಳವು ನಿರ್ಣಯಿಸುತ್ತಿತ್ತು. ಆಟಗಾರರು ತಮ್ಮ ಆಜ್ಞೆಗಳನ್ನು ಮಧ್ಯಸ್ಥನಿಗೆ ತಿಳಿಸಬೇಕು. ಕಣ್ಣಿಗೆ ಬೀಳಬಹುದಾದ ಶತ್ರುವನ್ನು ಮಾತ್ರ ಅವನು ನಕ್ಷೆಯ ಮೇಲೆ ಇಡುವನು. ದಂಡಾಧಿಕಾರಿಗಳ ಮುಖ್ಯಸ್ಥನಾಗಿದ್ದ ಮ್ಯೂಫ್ಲಿಂಗನು ಇದನ್ನು ಕಂಡು ಮೆಚ್ಚಿ ಸೈನ್ಯಕ್ಕೆಲ್ಲ ಶಿಫಾರಸು ಮಾಡಿದನು.

ಹೀಗೆ ತೊಲಗಿದ ಮನೆಗಳು ಮರಳಿ ಬಂದುದೇಕೆ? ನುರಿತ ಮಧ್ಯಸ್ಥನು ಸೈನ್ಯದಲ್ಲಿ ದೊರೆಯುತ್ತಾನೆ, ಮನೆಯಲ್ಲಿ ದೊರೆಯುವುದಿಲ್ಲ. ಅಮೆರಿಕದ ಚಾರ್ಲ್ಸ್ ರಾಬರ್ಟ್ಸನು 1954ರಲ್ಲಿ ಜನಸಾಮಾನ್ಯರಿಗಾಗಿ ಹೊರತಂದ ‘ಟ್ಯಾಕ್ಟಿಕ್ಸ್’ ಆಟದಲ್ಲಿ ಚೌಕಗಳೇ ಇದ್ದವು. ಅವನ ಆವಲಾನ್ ಹಿಲ್ ಸಂಸ್ಥೆಯ ಆಟಗಳಲ್ಲಿ 1961ರಿಂದ ಷಟ್ಕೋನಗಳು ಕಾಣಿಸಿಕೊಂಡವು. ಮಧ್ಯಸ್ಥನು ಕಣ್ಣಳತೆಯಿಂದ ನಿರ್ಣಯಿಸುತ್ತಿದ್ದುದನ್ನು ಈಗ ಮನೆಗಳ ಎಣಿಕೆಯು ನಿರ್ಣಯಿಸತೊಡಗಿತು. ಬೊಂಬೆಗಳ ಆಟಕ್ಕೂ ಈ ಪದ್ಧತಿ ವ್ಯಾಪಿಸಿತು. 2004ರ ‘ಮೆಮೊಯರ್ 44’ ಎಂಬ ಆಟದಲ್ಲಿ 13ಕ್ಕೆ 9 ಷಟ್ಕೋನಗಳ ಹಾಸಿನ ಮೇಲೆ ಬೊಂಬೆಗಳು ಚಲಿಸುತ್ತವೆ.

ಚೌಕಕ್ಕಿಂತ ಷಟ್ಕೋನವು ಮೇಲೆನ್ನಲು ಕಾರಣವು ಸರಳವಾದುದು. ಚೌಕದ ಮನೆಯಿಂದ ಮೂಲೆಯ ಮನೆಗೆ ಇಟ್ಟ ಹೆಜ್ಜೆಯು ಪಕ್ಕದ ಮನೆಗೆ ಇಟ್ಟ ಹೆಜ್ಜೆಗಿಂತ ಶೇಕಡ 41ರಷ್ಟು ಉದ್ದವಾಗಿರುತ್ತದೆ. ಎರಡನ್ನೂ ಒಂದೆಂದೇ ಎಣಿಸಿದರೆ ಓರೆಯಾಗಿ ಹೋಗುವವನಿಗೆ ಲಾಭ. ಷಟ್ಕೋನದ ಆರು ನೆರೆಮನೆಗಳೂ ಸಮದೂರದಲ್ಲಿವೆ. ಹಾಗೆಂದು ಅದು ನಿರ್ದೋಷವಲ್ಲ. ಸಾಲುಗಳ ನೇರಕ್ಕೆ ಅಡ್ಡವಾಗಿ ನಡೆಯುವವನು ಎಡಬಲಕ್ಕೆ ಹೊಯ್ದಾಡುತ್ತ ಸಾಗಬೇಕಾಗಿ, ಅವನ ದಾರಿಯು ಶೇಕಡ 15ರಷ್ಟು ಹೆಚ್ಚುತ್ತದೆ. ಈ ದೋಷವನ್ನು ಯಾವ ದಿಕ್ಕಿಗೆ ಹೊರಿಸಬೇಕೆಂಬುದೇ ಯೋಜಕನ ಮೊದಲ ನಿರ್ಣಯ.

ಇನ್ನು 1815ರ ಜೂನ್ 18ರ ವಾಟರ್ಲೂ ಕದನವನ್ನು ಯೋಜಿಸಿ ನೋಡೋಣ. ಕದನರಂಗದ ಅಗಲವು ಸುಮಾರು 5 ಕಿಲೋಮೀಟರು. ಒಂದು ಷಟ್ಕೋನಕ್ಕೆ 250 ಮೀಟರು ಎಂದಿಟ್ಟರೆ 20 ಮನೆಗಳು ಬೇಕು. ಮೇಜಿನ ಮೇಲೆ ಮನೆಯೊಂದಕ್ಕೆ 10 ಸೆಂಟಿಮೀಟರು ಕೊಟ್ಟರೆ ರಂಗವು 2 ಮೀಟರಾಗುತ್ತದೆ. ವೆಲಿಂಗ್ಟನ್ನನ ಸುಮಾರು 50,000 ಕಾಲಾಳುಗಳನ್ನು 2,000 ಮಂದಿಗೊಂದು ಗುಂಪಿನಂತೆ ವಿಭಾಗಿಸಿದರೆ 25 ಗುಂಪುಗಳು ಸಾಕು. ಅವನು ಹಿಡಿದ ದಿಣ್ಣೆಯು ಪೂರ್ವಪಶ್ಚಿಮವಾಗಿ ಹಬ್ಬಿರುವುದರಿಂದ ಮನೆಗಳ ಸಾಲುಗಳನ್ನೂ ಅದೇ ನೇರಕ್ಕೆ ಹಾಕುವುದು ಲೇಸು, ವ್ಯೂಹವು ಅಂಕುಡೊಂಕಾಗುವುದಿಲ್ಲ. ಇದರ ಬೆಲೆಯನ್ನು ಫ್ರೆಂಚರು ತೆರುತ್ತಾರೆ. ಎರಡು ದಿಣ್ಣೆಗಳ ನಡುವಣ ಸುಮಾರು 1,300 ಮೀಟರುಗಳನ್ನು ದಾಟಲು ಅವರಿಗೆ ಐದರ ಬದಲು ಆರು ಹೆಜ್ಜೆಗಳು ಬೇಕಾಗುತ್ತವೆ. ಹಿಂದಿನ ರಾತ್ರಿಯ ಮಳೆಯಿಂದ ನೆಲವು ಕೆಸರಾಗಿದ್ದುದನ್ನು ನೆನೆದರೆ ಈ ದೋಷವು ಅಸಹ್ಯವಾದುದಲ್ಲ. ಆದರೆ ಕೆಸರಿಗೆಂದು ಬೇರೊಂದು ನಿಯಮವನ್ನು ಮಾಡುವವನು ಈ ಒಂದು ಹೆಜ್ಜೆಯನ್ನು ಅದರಲ್ಲಿ ಕಳೆಯಬೇಕು. ಇಲ್ಲವಾದರೆ ಒಂದೇ ಕಾರಣವನ್ನು ಎರಡು ಬಾರಿ ಎಣಿಸಿದಂತಾಗುತ್ತದೆ.

ಕಾಲದ ವಿಭಾಗವು ಇಷ್ಟೇ ಮುಖ್ಯ. ಕದನವು ಬೆಳಗ್ಗೆ ಸುಮಾರು 11-30ಕ್ಕೆ ಆರಂಭವಾಗಿ ರಾತ್ರಿ 8-30ರ ವೇಳೆಗೆ ನಿರ್ಣಯವಾಯಿತೆಂದು ಇಟ್ಟುಕೊಂಡರೆ, ಅರ್ಧ ಗಂಟೆಗೊಂದರಂತೆ 18 ಸರದಿಗಳು. ಪ್ರಷ್ಯನ್ನರ ಬ್ಯೂಲೋವನ ದಳವು ಪ್ಲಾನ್ಸೆನ್ವಾ ಗ್ರಾಮದ ಕಡೆಯಿಂದ ಮೇಲೆ ಬಿದ್ದುದು ಸಂಜೆ ಸುಮಾರು 4-30ಕ್ಕೆ, ಎಂದರೆ 11ನೆಯ ಸರದಿಯ ಮೊದಲಿಗೆ. ಅವರು ಹೊರಟ ವಾವ್ರ್ ಪಟ್ಟಣವು ಸುಮಾರು 13 ಕಿಲೋಮೀಟರು ದೂರದಲ್ಲಿದೆ. ನಮ್ಮ ಪ್ರಮಾಣದಲ್ಲಿ ಅದು 52 ಮನೆಗಳು, ಐದು ಮೀಟರಿಗೂ ಮಿಗಿಲು. ಆದುದರಿಂದ ಕದನದ ಗತಿಯನ್ನೇ ಬದಲಿಸಿದ ನಡಿಗೆಯು ಮೇಜಿನ ಮೇಲೆ ಹಿಡಿಯುವುದೇ ಇಲ್ಲ. ಅದನ್ನು ನಿಯಮದ ರೂಪದಲ್ಲಿಯೇ ತರಬೇಕು. ಯೋಜಕನ ನಿಜವಾದ ಪರೀಕ್ಷೆ ಇಲ್ಲಿದೆ.

ಈ ಲೇಖಕನು ವಿದ್ಯಾರ್ಥಿಗಳೊಂದಿಗೆ ಈ ಆಟವನ್ನು ಯೋಜಿಸಿದಾಗ ಮೊದಲು ಸರಳವಾದ ದಾರಿಯನ್ನೇ ಹಿಡಿದನು: 11ನೆಯ ಸರದಿಗೆ ಪ್ರಷ್ಯನ್ನರು ಬರತಕ್ಕದ್ದು ಎಂದು ಬರೆದಿಟ್ಟನು. ನೆಪೋಲಿಯನ್ನನ ಪಾತ್ರ ವಹಿಸಿದ ವಿದ್ಯಾರ್ಥಿಯು ಮೊದಲ ಸರದಿಯಲ್ಲಿಯೇ ಲೋಬೋವಿನ ದಳವನ್ನು ಪೂರ್ವದ ಅಂಚಿನಲ್ಲಿ ನಿಲ್ಲಿಸಿ, ಬರಲಿರುವವರಿಗಾಗಿ ಕಾದನು. ನಿಯಮವು ಇತಿಹಾಸಕ್ಕೆ ಸರಿಯಾಗಿತ್ತು, ಆಟವು ಇತಿಹಾಸವಾಗಿರಲಿಲ್ಲ. ಆ ದಿನ ನೆಪೋಲಿಯನ್ನನಿಗೆ ದೂರದಲ್ಲಿ ಸೇನೆಯೊಂದರ ಚಲನೆ ಕಂಡುದು ಮಧ್ಯಾಹ್ನ ಸುಮಾರು ಒಂದು ಗಂಟೆಗೆ. ಪ್ರಷ್ಯನ್ನರನ್ನು ಬೆನ್ನಟ್ಟಲು ಅವನು ಹಿಂದಿನ ದಿನವೇ ಸುಮಾರು 33,000 ಮಂದಿಯೊಡನೆ ಗ್ರೂಷಿಯನ್ನು ಕಳುಹಿಸಿದ್ದನು. ಗ್ರೂಷಿಯು ಅವರನ್ನು ತಡೆದಾನೆಂಬ ನಂಬಿಕೆಯೂ ಇತ್ತು. ಆದುದರಿಂದ ಎರಡನೆಯ ಬಾರಿ ನಿಯಮವನ್ನು ಬದಲಿಸಿದೆವು. ನಾಲ್ಕನೆಯ ಸರದಿಯವರೆಗೆ ಫ್ರೆಂಚ್ ಆಟಗಾರನಿಗೆ ಸುದ್ದಿಯಿಲ್ಲ, ಬರುವ ಸರದಿಯನ್ನು ಮಧ್ಯಸ್ಥನು ಮರೆಯಲ್ಲಿ ದಾಳವೆಸೆದು ನಿಶ್ಚಯಿಸುವನು, ಬಾರದೆಯೂ ಹೋಗಬಹುದು. ಆಗ ಅದೇ ವಿದ್ಯಾರ್ಥಿಯು ಬಹಳ ಹೊತ್ತು ಹಿಂದುಮುಂದು ನೋಡಿ, ಕೊನೆಗೆ ದಳದ ಅರ್ಧವನ್ನು ಮಾತ್ರ ಕಳುಹಿಸಿದನು. ಮುಂದೇನಾಯಿತೆಂಬುದನ್ನು ಬಲ್ಲ ನಾವು ಹಿಂದಿನವರನ್ನು ಮೂರ್ಖರೆಂದು ಎಷ್ಟು ಸುಲಭವಾಗಿ ತೀರ್ಮಾನಿಸುತ್ತೇವೆಂಬುದು ತರಗತಿಗೆ ಅಂದು ಮನದಟ್ಟಾಯಿತು.

ಬೊಂಬೆಗಳನ್ನು ಎಲ್ಲಿಡಬೇಕೆಂಬುದು ನಿರುಪದ್ರವಿಯಾದ ಪ್ರಶ್ನೆಯಲ್ಲವೆಂಬುದಕ್ಕೆ ಇದೇ ಕದನವು ಸಾಕ್ಷಿ. ವಿಲಿಯಂ ಸೈಬೋರ್ನ್ ಎಂಬ ಬ್ರಿಟಿಷ್ ಅಧಿಕಾರಿಯು 1830ರಲ್ಲಿ ಲಾ ಹೇ ಸೇಂತ್ ಎಂಬ ತೋಟದ ಮನೆಯಲ್ಲಿ ಎಂಟು ತಿಂಗಳು ತಂಗಿ ರಂಗಭೂಮಿಯನ್ನು ಅಳೆದನು. ಬದುಕಿ ಉಳಿದಿದ್ದ ಅಧಿಕಾರಿಗಳಿಗೆ ಪತ್ರ ಬರೆದು ವಿವರಗಳನ್ನು ಕೂಡಿಹಾಕಿದನು. ಸಾವಿರಾರು ಪುಟ್ಟ ಬೊಂಬೆಗಳಿಂದ ತುಂಬಿದ ಅವನ ಮಾದರಿಯು 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿತವಾಯಿತು. ಸಂಜೆ 7ರ ವೇಳೆಗೆ ಪ್ರಷ್ಯನ್ನರು ಎಷ್ಟು ಮುಂದೆ ಬಂದಿದ್ದರೆಂಬುದರ ಬಗ್ಗೆ ವೆಲಿಂಗ್ಟನ್ನನ ಕಡೆಯವರಿಂದ ಆಕ್ಷೇಪಣೆ ಬಂದಿತು. ಗೆಲುವಿನ ಪಾಲನ್ನು ಅದು ಹಂಚಿಬಿಡುವಂತಿತ್ತು. ಕೊನೆಗೆ ಸೈಬೋರ್ನನು ಬಹುಪಾಲು ಪ್ರಷ್ಯನ್ ಬೊಂಬೆಗಳನ್ನು ತೆಗೆದುಹಾಕಿದನು. ಮಾದರಿಯು ಇಂದು ಲಂಡನ್ನಿನ ರಾಷ್ಟ್ರೀಯ ಸೈನ್ಯ ವಸ್ತುಸಂಗ್ರಹಾಲಯದಲ್ಲಿದೆ.

ಇಂತಹುದೇ ಇನ್ನೊಂದು ಪ್ರಸಂಗವು 1942ರದು. ಮಿಡ್‌ವೇ ದಂಡಯಾತ್ರೆಗೆ ಮುನ್ನ ಜಪಾನಿನ ನೌಕಾಧಿಕಾರಿಗಳು ಮೇಜಿನ ಮೇಲೆ ಅದನ್ನು ಆಡಿ ನೋಡಿದರು. ದಾಳದ ಪ್ರಕಾರ ಒಂಬತ್ತು ಬಾಂಬುಗಳು ತಗುಲಿ ಎರಡು ವಿಮಾನವಾಹಕ ನೌಕೆಗಳು ಮುಳುಗಬೇಕಾಗಿತ್ತು. ಮುಖ್ಯ ಮಧ್ಯಸ್ಥ ಉಗಾಕಿಯು ಒಂಬತ್ತನ್ನು ಮೂರಕ್ಕೆ ಇಳಿಸಿದನೆಂದು, ಮಧ್ಯಸ್ಥರಲ್ಲೊಬ್ಬನಾಗಿದ್ದ ಓಕುಮಿಯನು ಫುಚಿದನೊಡನೆ ಬರೆದ ಗ್ರಂಥದಲ್ಲಿ ಹೇಳಿದ್ದಾನೆ. ಜೂನ್ ತಿಂಗಳಿನಲ್ಲಿ ನಿಜವಾಗಿಯೂ ಮುಳುಗಿದುವು ನಾಲ್ಕು. ದಾಳವು ಭವಿಷ್ಯವನ್ನು ನುಡಿಯಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ತಮಗೆ ಬೇಡವಾದ ಉತ್ತರವನ್ನು ಅವರು ಕೇಳಿಸಿಕೊಳ್ಳಲಿಲ್ಲವೆಂಬುದಿಷ್ಟೇ ಇಲ್ಲಿ ಪ್ರಸಕ್ತ.

ಮೇಲಿನ ವಿವೇಚನೆಯಿಂದ ವ್ಯಕ್ತವಾಗುವುದೇನೆಂದರೆ, ಯುದ್ಧಕ್ರೀಡೆಯ ಪ್ರತಿಯೊಂದು ನಿಯಮವೂ ಇತಿಹಾಸದ ಕುರಿತ ಒಂದು ಪ್ರತಿಪಾದನೆ. ಪ್ರಬಂಧದಲ್ಲಿ ‘ಸಕಾಲದಲ್ಲಿ ಬಂದರು’ ಎಂದು ಬರೆದು ಮುಂದೆ ಸಾಗಬಹುದು. ಷಟ್ಕೋನಗಳ ನಕ್ಷೆಯ ಮುಂದೆ ಕುಳಿತವನು ಎಷ್ಟು ಮನೆ, ಯಾವ ಸರದಿ, ಯಾರಿಗೆ ತಿಳಿದಿತ್ತು ಎಂಬುದಕ್ಕೆ ಅಂಕಿಗಳಲ್ಲಿ ಉತ್ತರ ಹೇಳಲೇಬೇಕು; ತಪ್ಪಿದ್ದರೆ ಎದುರಿಗೆ ಕುಳಿತವನು ಕೂಡಲೇ ತೋರಿಸಿಕೊಡುತ್ತಾನೆ. ಯಾವುದೇ ಕದನವನ್ನು ಬೋಧಿಸುವ ಅಧ್ಯಾಪಕರು ಒಮ್ಮೆಯಾದರೂ ವಿದ್ಯಾರ್ಥಿಗಳಿಂದ ಇಂತಹ ಯೋಜನೆಯನ್ನು ಮಾಡಿಸಿ ನೋಡಬಹುದು. ಆಡಲು ಸಮಯ ಸಾಲದೆ ಹೋದರೂ ಚಿಂತೆಯಿಲ್ಲ, ಕಲಿಯಬೇಕಾದುದರ ಬಹುಭಾಗವು ಯೋಜಿಸುವುದರಲ್ಲಿಯೇ ದೊರೆಯುತ್ತದೆ.