ಮೂಗರ್ಜಿ ಬರೆದವನನ್ನು ಹುಡುಕುವುದು ಹೇಗೆ?



ಸರ್ಕಾರಿ ಕಚೇರಿಗಳಿಗೆ ಮೂಗರ್ಜಿ ಬರುವುದು ನಿಮಗೆಲ್ಲ ಗೊತ್ತಿರುವ ಸಂಗತಿ. ಶಾಲೆಗಳಿಗೂ ಬರುತ್ತದೆ. ಕೆಳಗೆ ಸಹಿ ಇರುವುದಿಲ್ಲ. ಆದರೂ ಅನುಭವಸ್ಥ ಮುಖ್ಯೋಪಾಧ್ಯಾಯರು ಅಕ್ಷರದ ಓರೆ, ಒತ್ತಕ್ಷರದ ತಪ್ಪು, ಲಕೋಟೆಯ ಮೇಲಿನ ಅಂಚೆ ಮೊಹರು ನೋಡಿ ಬರೆದವರು ಯಾರೆಂದು ಅರ್ಧ ಊಹಿಸಿಬಿಡುತ್ತಾರೆ. ಉರ್ದುವಿನಲ್ಲಿ ಇಂಥವನನ್ನು ‘ಗುಮ್‌ನಾಮ್’ ಎನ್ನುತ್ತೇವೆ. ಹೆಸರೇ ಇಲ್ಲದವನು ಎಂದಲ್ಲ, ಹೆಸರು ಕಳೆದುಹೋದವನು ಎಂದರ್ಥ. ಹುಡುಕಿದರೆ ಸಿಕ್ಕಾನು ಎಂಬ ಆಸೆ ಆ ಪದದಲ್ಲೇ ಅಡಗಿದೆ.

ಆದರೆ ಬೇರೆಯವರ ಕಂಪ್ಯೂಟರಿನೊಳಗೆ ಕದ್ದು ನುಗ್ಗುವ ಹ್ಯಾಕರ್‌ಗೆ ಕೈಬರಹವಿಲ್ಲ, ಅಂಚೆ ಮೊಹರಿಲ್ಲ. ಅವನನ್ನು ಸರ್ಕಾರಗಳು ಹೇಗೆ ಹುಡುಕುತ್ತವೆ? ಇದಕ್ಕೆ ಉತ್ತರವಾಗಿ 1986ರಲ್ಲಿ ನಡೆದ ಒಂದು ಪ್ರಸಂಗವನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ಅಮೆರಿಕದ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳ ವಿಜ್ಞಾನಿ ಇದ್ದರು. ಅವರ ಸಂಶೋಧನೆಗೆ ಬರುತ್ತಿದ್ದ ಅನುದಾನ ನಿಂತದ್ದರಿಂದ ಅವರನ್ನು ಕಂಪ್ಯೂಟರ್ ವಿಭಾಗಕ್ಕೆ ಹಾಕಲಾಗಿತ್ತು. ಆಗ ಕಂಪ್ಯೂಟರ್ ಬಳಸಿದವರಿಂದ ಸಮಯಕ್ಕೆ ತಕ್ಕಂತೆ ಶುಲ್ಕ ವಸೂಲು ಮಾಡುವ ಪದ್ಧತಿಯಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಬಂತು. ಒಂದು ಡಾಲರ್ ಕೂಡ ಅಲ್ಲ! ನಮ್ಮಲ್ಲಾದರೆ ಗುಮಾಸ್ತರು ‘ಹೋಗಲಿ ಬಿಡಿ’ ಎಂದು ಷರಾ ಬರೆದು ಕಡತ ಮುಚ್ಚುತ್ತಿದ್ದರು. ಸ್ಟಾಲ್ ಮುಚ್ಚಲಿಲ್ಲ. ಅಪರಿಚಿತನೊಬ್ಬ ಒಳಗೆ ಬಂದು ಹೋಗುತ್ತಿದ್ದಾನೆ ಎಂಬುದು ಅವರಿಗೆ ಖಚಿತವಾಯಿತು.

ಅವನನ್ನು ಕೂಡಲೇ ಹೊರಹಾಕಬಹುದಿತ್ತು. ಹೊರಹಾಕಿದ್ದರೆ ಅವನು ಯಾರೆಂದು ಎಂದೂ ತಿಳಿಯುತ್ತಿರಲಿಲ್ಲ. ಆದ್ದರಿಂದ ಸ್ಟಾಲ್ ವಾರಾಂತ್ಯದಲ್ಲಿ ಸಹೋದ್ಯೋಗಿಗಳ ಮುದ್ರಣ ಯಂತ್ರಗಳನ್ನೆಲ್ಲ ಎರವಲು ತಂದು, ಹೊರಗಿನಿಂದ ಬರುವ ಒಂದೊಂದು ತಂತಿಗೂ ಜೋಡಿಸಿ, ಮೇಜಿನ ಕೆಳಗೆ ಮಲಗಿ ಕಾದರು. ಬಂದವನು ಒತ್ತಿದ ಪ್ರತಿಯೊಂದು ಅಕ್ಷರವೂ ಕಾಗದದ ಮೇಲೆ ಅಚ್ಚಾಗುತ್ತಾ ಹೋಯಿತು.

ಈಗ ಜಾಡು ಹಿಡಿಯುವ ಕೆಲಸ. ಇಲ್ಲಿಯೇ ಕಷ್ಟ ಆರಂಭವಾದದ್ದು. ಮೊದಲ ಜಾಡು ದೇಶದ ಇನ್ನೊಂದು ತುದಿಯ ವರ್ಜೀನಿಯಾ ರಾಜ್ಯಕ್ಕೆ ಹೋಯಿತು. ಆದರೆ ಕ್ಯಾಲಿಫೋರ್ನಿಯಾದ ನ್ಯಾಯಾಲಯದ ಆದೇಶ ವರ್ಜೀನಿಯಾದಲ್ಲಿ ನಡೆಯುವುದಿಲ್ಲವೆಂದು ಅಲ್ಲಿಯ ದೂರವಾಣಿ ಕಂಪನಿ ನಂಬರು ಕೊಡಲಿಲ್ಲ. ಹೇಗೋ ಪತ್ತೆಯಾದಾಗ ಅದು ಮೈಟರ್ ಎಂಬ, ರಕ್ಷಣಾ ಇಲಾಖೆಗೆ ಕೆಲಸ ಮಾಡುವ ಸಂಸ್ಥೆಯೆಂದು ತಿಳಿಯಿತು. ತನಿಖೆ ಅಲ್ಲಿಗೇ ನಿಂತಿದ್ದರೆ ಆ ಸಂಸ್ಥೆಯ ಯಾವನೋ ನೌಕರನ ತಲೆಗೆ ಅಪವಾದ ಬರುತ್ತಿತ್ತು. ನಿಜ ಸಂಗತಿ ಏನೆಂದರೆ ಹ್ಯಾಕರ್ ಮೈಟರ್‌ನ ಕಂಪ್ಯೂಟರಿಗೂ ಕಳ್ಳತನದಿಂದಲೇ ನುಗ್ಗಿ, ಅಲ್ಲಿಂದ ಬರ್ಕ್ಲಿಗೆ ಫೋನ್ ಮಾಡುತ್ತಿದ್ದ. ಒಬ್ಬರ ಮನೆಯ ಮಾಳಿಗೆ ಹತ್ತಿ ಇನ್ನೊಬ್ಬರ ಅಂಗಳಕ್ಕೆ ಇಳಿದಂತೆ!

ಇನ್ನು ಸರ್ಕಾರದ ಸಹಾಯ? ಎಫ್‌ಬಿಐ 75 ಸೆಂಟಿನ ನಷ್ಟಕ್ಕೆ ತನಿಖೆ ಇಲ್ಲವೆಂದಿತು. ಸಿಐಎ ಇದು ತನ್ನ ವ್ಯಾಪ್ತಿಯದಲ್ಲವೆಂದಿತು. ಎಲ್ಲರಿಗೂ ಮಾಹಿತಿ ಬೇಕಿತ್ತು, ಹೊಣೆ ಯಾರಿಗೂ ಬೇಡವಾಗಿತ್ತು. ಆ ಹೊತ್ತಿಗೆ ಹ್ಯಾಕರ್ ಸುಮಾರು 450 ಕಂಪ್ಯೂಟರುಗಳ ಬಾಗಿಲು ತಟ್ಟುವ ಹಾದಿಯಲ್ಲಿದ್ದ. ಕೊನೆಗೆ ಲೆಕ್ಕ ಹಾಕಿದಾಗ 30ಕ್ಕೂ ಹೆಚ್ಚು ಕಡೆ ಒಳಗೆ ಹೋಗಿದ್ದ. ಅವುಗಳಲ್ಲಿ ಸೇನೆಗೆ ಸೇರಿದವೂ ಇದ್ದವು.

ಮುಂದೆ ಜಾಡು ಸಮುದ್ರ ದಾಟಿ ಅಂದಿನ ಪಶ್ಚಿಮ ಜರ್ಮನಿಯ ಬ್ರೆಮೆನ್ ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ ಹ್ಯಾನೋವರ್ ನಗರಕ್ಕೆ ಹೋಯಿತು. ಹ್ಯಾನೋವರಿನ ದೂರವಾಣಿ ಕೇಂದ್ರದಲ್ಲಿ ಹಳೆಯ ಕಾಲದ ಯಾಂತ್ರಿಕ ಸ್ವಿಚ್ಚುಗಳಿದ್ದವು. ಕರೆ ನಡೆಯುತ್ತಿರುವಾಗಲೇ ನೌಕರನೊಬ್ಬ ನಿಂತು ಒಂದೊಂದೇ ಸ್ವಿಚ್ಚು ನೋಡುತ್ತ ಹಿಂದಕ್ಕೆ ಹೋಗಬೇಕು. ಹ್ಯಾಕರ್ ಕೆಲವೇ ನಿಮಿಷ ಇದ್ದು ಹೊರಟುಬಿಡುತ್ತಿದ್ದ. ಅವನನ್ನು ಕೂರಿಸುವುದು ಹೇಗೆ? ಸ್ಟಾಲ್ ಅವರ ಗೆಳತಿ ಒಂದು ಉಪಾಯ ಹೇಳಿಕೊಟ್ಟರು. ಅಮೆರಿಕದ ಕ್ಷಿಪಣಿ ರಕ್ಷಣಾ ಯೋಜನೆಗೆ ಸಂಬಂಧಿಸಿದವೆಂದು ತೋರುವ ಸುಳ್ಳು ಕಡತಗಳನ್ನು ಸೃಷ್ಟಿಸಿ ಕಂಪ್ಯೂಟರಿನಲ್ಲಿ ಇಡಲಾಯಿತು. 1987ರ ಜನವರಿಯಲ್ಲಿ ಅವನು ಅವನ್ನು ಓದುತ್ತ ಕುಳಿತ. ಅತ್ತ ಹ್ಯಾನೋವರಿನಲ್ಲಿ ತಂತಿಯ ಜಾಡು ಪೂರ್ಣವಾಯಿತು.

ಇನ್ನೂ ಸ್ವಾರಸ್ಯದ ಸಂಗತಿ ಕೇಳಿ. ಕೆಲವು ತಿಂಗಳಲ್ಲಿ ಪ್ರಯೋಗಾಲಯಕ್ಕೆ ಪಿಟ್ಸ್‌ಬರ್ಗ್ ನಗರದಿಂದ ಅಂಚೆಯಲ್ಲಿ ಪತ್ರವೊಂದು ಬಂತು. ಆ ಸುಳ್ಳು ಯೋಜನೆಯ ಕಾಗದಪತ್ರಗಳು ತನಗೆ ಬೇಕೆಂದು ಒಬ್ಬ ಬರೆದಿದ್ದ. ಅಂಥದೊಂದು ಯೋಜನೆ ಇದೆಯೆಂದು ಕದ್ದು ಓದಿದವನ ಕಡೆಯವರಿಗೆ ಬಿಟ್ಟರೆ ಹೊರಗಿನವರಿಗೆ ತಿಳಿಯುವಂತಿರಲಿಲ್ಲ. ಕದ್ದ ಮಾಹಿತಿ ಕೈಯಿಂದ ಕೈಗೆ ಹೋಗುತ್ತಿದೆಯೆಂದು ಹೇಳಿದ್ದು ಯಾವ ಯಂತ್ರವೂ ಅಲ್ಲ, ಹೆಸರು ಸಮೇತ ಬಂದ ಈ ಕಾಗದ!

1987ರ ಜೂನ್‌ನಲ್ಲಿ ಜರ್ಮನ್ ಪೊಲೀಸರು ಮಾರ್ಕಸ್ ಹೆಸ್ ಎಂಬಾತನ ಮನೆ ಶೋಧಿಸಿದರು. ಆತ ಮತ್ತು ಸಂಗಡಿಗರು ಸೋವಿಯತ್ ಒಕ್ಕೂಟದ ಕೆಜಿಬಿಗೆ ಮಾಹಿತಿ ಮಾರಿದ್ದು 1990ರಲ್ಲಿ ನ್ಯಾಯಾಲಯದಲ್ಲಿ ಸಾಬೀತಾಯಿತು. ಶಿಕ್ಷೆಯನ್ನು ಮಾತ್ರ ಅಮಾನತಿನಲ್ಲಿಡಲಾಯಿತು.

ಇಂಥ ತಾಳ್ಮೆ ಎಲ್ಲ ಕಾಲದಲ್ಲೂ ಇರುವುದಿಲ್ಲ. 1998ರ ಫೆಬ್ರವರಿಯಲ್ಲಿ ಅಮೆರಿಕ ಇರಾಕಿನ ಮೇಲೆ ದಾಳಿಗೆ ಸಿದ್ಧವಾಗುತ್ತಿದ್ದಾಗ ಅದರ ರಕ್ಷಣಾ ಇಲಾಖೆಯ ಕಂಪ್ಯೂಟರುಗಳಿಗೆ ಯಾರೋ ನುಗ್ಗಿದರು. ಕೆಲವು ಜಾಡುಗಳು ಅರಬ್ ಸಂಯುಕ್ತ ಸಂಸ್ಥಾನದ ಇಂಟರ್‌ನೆಟ್ ಸಂಸ್ಥೆಯೊಂದರ ಮೂಲಕ ಬಂದಂತೆ ಕಂಡವು. ಇದು ಇರಾಕಿನದೇ ಕೈವಾಡವಿರಬೇಕೆಂದು ಹಿರಿಯ ಅಧಿಕಾರಿಗಳು ಶಂಕಿಸಿದರು. ಕೊನೆಗೆ ಸಿಕ್ಕವರು ಯಾರು? ಕ್ಯಾಲಿಫೋರ್ನಿಯಾದ ಇಬ್ಬರು ಹದಿಹರೆಯದ ಹುಡುಗರು, ಅವರಿಗೆ ವಿದ್ಯೆ ಹೇಳಿಕೊಟ್ಟ 18 ವರ್ಷದ ಇಸ್ರೇಲಿ ಯುವಕ! ಯುದ್ಧದ ಹೊಸ್ತಿಲಲ್ಲಿದ್ದ ಒಂದು ದೇಶದ ಹೆಸರು ಈ ಹುಡುಗಾಟದಲ್ಲಿ ಸಿಲುಕಿತ್ತು.

ನಮ್ಮ ನಾಡಿಗೆ ಬರೋಣ. ಸೈಬರ್ ಅಪರಾಧಗಳಿಗೆಂದೇ ದೇಶದ ಮೊದಲ ಪೊಲೀಸ್ ಠಾಣೆ 2001ರಲ್ಲಿ ತೆರೆದದ್ದು ಬೆಂಗಳೂರಿನಲ್ಲಿ. ಅದೇ ಬೆಂಗಳೂರಿನ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರನ್ನು 2007ರ ಆಗಸ್ಟ್‌ನಲ್ಲಿ ಪುಣೆಯ ಪೊಲೀಸರು ಬಂದು ಕರೆದೊಯ್ದರು. ಆರ್ಕುಟ್‌ನಲ್ಲಿ ಶಿವಾಜಿಯನ್ನು ಅವಮಾನಿಸುವ ಚಿತ್ರ ಹಾಕಿದರೆಂಬುದು ಆರೋಪ. ಇಂಟರ್‌ನೆಟ್ ಕಂಪನಿ ಕೊಟ್ಟ ಐಪಿ ವಿಳಾಸದ ವಿವರವೇ ಸಾಕ್ಷಿ. ಆ ವಿವರ ತಪ್ಪಾಗಿತ್ತು. ಅದು ತಿಳಿದು ಬಿಡುಗಡೆಯಾಗುವಷ್ಟರಲ್ಲಿ ಅವರು ಸುಮಾರು 50 ದಿನ ಜೈಲಿನಲ್ಲಿ ಕಳೆದಿದ್ದರು.

ವಿದ್ಯಾರ್ಥಿ ಮಿತ್ರರೇ, ಐಪಿ ವಿಳಾಸವೆಂದರೆ ಮನೆಯ ಬಾಗಿಲ ಸಂಖ್ಯೆ ಎಂದು ಪುಸ್ತಕಗಳಲ್ಲಿ ಓದುತ್ತೀರಿ. ನನಗೆ ಆ ಹೋಲಿಕೆ ಒಪ್ಪಿಗೆಯಿಲ್ಲ. ಅದು ವಸತಿಗೃಹದ ಕೋಣೆಯ ಸಂಖ್ಯೆಯ ಹಾಗೆ. ಬೆಳಿಗ್ಗೆ ಒಬ್ಬರು, ಸಂಜೆ ಇನ್ನೊಬ್ಬರು. ಆದ್ದರಿಂದ ತನಿಖಾಧಿಕಾರಿ ದಿನಾಂಕ, ಗಂಟೆ, ನಿಮಿಷ ಎಲ್ಲವನ್ನೂ ಕೇಳಬೇಕು. ಆ ಗಂಟೆ ಯಾವ ದೇಶದ ಗಡಿಯಾರದ್ದೆಂದೂ ಕೇಳಬೇಕು. ಗ್ರೀನ್‌ವಿಚ್ ಸಮಯಕ್ಕೂ ನಮ್ಮ ಸಮಯಕ್ಕೂ ಐದೂವರೆ ಗಂಟೆಯ ಅಂತರವಿದೆ. ಅಷ್ಟರಲ್ಲಿ ಕೋಣೆಯಲ್ಲಿ ಇದ್ದವನು ಖಾಲಿ ಮಾಡಿ ಹೋಗಿರುತ್ತಾನೆ. ಈಗಿನ ಮೊಬೈಲ್ ಇಂಟರ್‌ನೆಟ್‌ನಲ್ಲಂತೂ ಒಂದೇ ಹೊತ್ತಿನಲ್ಲಿ ಒಂದೇ ವಿಳಾಸವನ್ನು ನೂರಾರು ಗ್ರಾಹಕರು ಹಂಚಿಕೊಂಡಿರುತ್ತಾರೆ. ಯಂತ್ರ ಸರಿಯಾಗಿ ಸಿಕ್ಕರೂ ಆ ಹೊತ್ತು ಕೀಲಿಮಣೆಯ ಮುಂದೆ ಕುಳಿತಿದ್ದವರು ಅಪ್ಪನೋ, ಮಗನೋ, ದೂರದಿಂದ ಆ ಯಂತ್ರವನ್ನೇ ವಶಪಡಿಸಿಕೊಂಡ ಇನ್ನೊಬ್ಬನೋ ಎಂಬುದನ್ನು ಬೇರೆ ಸಾಕ್ಷಿಯಿಂದಲೇ ತಿಳಿಯಬೇಕು.

ಆ ಸಾಕ್ಷಿಗಳೂ ಬಹಳ ಕಾಲ ಉಳಿಯುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಭಾರತ ಸರ್ಕಾರದ ಸಿಇಆರ್‌ಟಿ-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ತಮ್ಮ ಕಂಪ್ಯೂಟರ್ ವ್ಯವಸ್ಥೆಯ ಲಾಗ್ ದಾಖಲೆಗಳನ್ನು 180 ದಿನ ಕಾಪಾಡಬೇಕು. ಸ್ಟಾಲ್ ಹಿಡಿದ ಜಾಡು ಹ್ಯಾನೋವರಿನ ಆ ಮನೆಯ ಬಾಗಿಲು ಮುಟ್ಟಲು 10 ತಿಂಗಳು ಹಿಡಿದಿತ್ತು.