ಯುದ್ಧಕಾಲದ ಅನ್ನದಾತೆಯರು

ಕಲಬುರಗಿಯಿಂದ ಕಮಲಾಪುರದ ಕಡೆಗೆ ಚಳಿಗಾಲದಲ್ಲಿ ಪಯಣಿಸುವವರಿಗೆ ದಾರಿಯ ಇಕ್ಕೆಲಗಳಲ್ಲಿಯೂ ತೊಗರಿ, ಜೋಳದ ಹೊಲಗಳು ಗೋಚರಿಸುತ್ತವೆ. ಅಲ್ಲಿ ಕಳೆ ಕಿತ್ತು, ತೆನೆ ಮುರಿದು, ಕಣದಲ್ಲಿ ಕಾಳು ಹಸನು ಮಾಡುವ ಕೈಗಳಲ್ಲಿ ಹೆಚ್ಚಿನವು ಸ್ತ್ರೀಯರವು. ಯುದ್ಧವೆಂದೊಡನೆ ನಮಗೆ ಕೋವಿ ಹಿಡಿದ ಸೈನಿಕನ ನೆನಪಾಗುತ್ತದೆ. ಅವನ ಹಸಿವನ್ನು ನೀಗಿಸಿದವಳ ನೆನಪಾಗುವುದು ವಿರಳ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ಈ ಸೀಮೆಯು ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಒಳಪಟ್ಟಿತ್ತು. 1942ರಲ್ಲಿ ಬರ್ಮಾ ದೇಶವು ಜಪಾನೀಯರ ವಶವಾಗಲು, ಅಲ್ಲಿಂದ ಭಾರತಕ್ಕೆ ಬರುತ್ತಿದ್ದ ಅಕ್ಕಿಯು ನಿಂತುಹೋಯಿತು. ಮರುವರ್ಷ ಬಂಗಾಳದ ಕ್ಷಾಮವು ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. 'ಹೆಚ್ಚು ಆಹಾರ ಬೆಳೆಯಿರಿ' ಎಂಬ ಕರೆ ದೇಶದಲ್ಲೆಲ್ಲ ಮೊಳಗಿತು. ನಿಜಾಮ ಸಂಸ್ಥಾನದಲ್ಲಿ ರೈತರಿಂದ ಲೇವಿ ರೂಪದಲ್ಲಿ ಧಾನ್ಯವನ್ನು ವಸೂಲು ಮಾಡಲಾಗುತ್ತಿತ್ತು. ಆ ಧಾನ್ಯದ ಹಿಂದೆ ಹೆಣ್ಣುಮಕ್ಕಳ ಬೆವರೂ ಇತ್ತು. ಆದರೆ ಅವರಿಗೆ ಸಮವಸ್ತ್ರವಿರಲಿಲ್ಲ, ಪದಕವಿರಲಿಲ್ಲ.

ಸಮವಸ್ತ್ರ ತೊಟ್ಟು ಹೊಲಕ್ಕಿಳಿದ ಯುವತಿಯರೂ ಆಗ ಇದ್ದರು. ಬ್ರಿಟನ್ ದೇಶವು ತನ್ನ ಆಹಾರದ ಬಹುಭಾಗವನ್ನು ಹಡಗುಗಳ ಮೂಲಕ ತರಿಸಿಕೊಳ್ಳುತ್ತಿತ್ತು. ಯುದ್ಧವಾದರೆ ಸಮುದ್ರಮಾರ್ಗಕ್ಕೆ ಗಂಡಾಂತರ. ಗಂಡಸರು ರಣರಂಗಕ್ಕೆ ತೆರಳಿದರೆ ಉಳುವವರಾರು? ಆದುದರಿಂದ ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಹುಟ್ಟಿದ್ದ 'ವುಮೆನ್ಸ್ ಲ್ಯಾಂಡ್ ಆರ್ಮಿ', ಎಂದರೆ ಮಹಿಳಾ ಭೂಸೇನೆಯನ್ನು, 1939ರ ಜೂನ್ ತಿಂಗಳಲ್ಲಿ ಪುನಃ ಕಟ್ಟಲಾಯಿತು. ಅದರ ಬಲವು ಒಂದು ಹಂತದಲ್ಲಿ 80,000ವನ್ನು ದಾಟಿತು. ಹಸುವನ್ನು ಹತ್ತಿರದಿಂದ ಕಾಣದ ಪಟ್ಟಣದ ಹುಡುಗಿಯರು ನಸುಕಿನಲ್ಲೆದ್ದು ಹಾಲು ಕರೆದರು, ಟ್ರ್ಯಾಕ್ಟರ್ ನಡೆಸಿದರು, ಕೊರೆಯುವ ಚಳಿಯಲ್ಲಿ ಆಲೂಗಡ್ಡೆ ಅಗೆದರು, ಬೆಳೆ ತಿನ್ನುವ ಇಲಿಗಳನ್ನು ಹಿಡಿದರು. ಕೈ ಬೊಬ್ಬೆಯೆದ್ದರೂ ಕೆಲಸ ಬಿಡಲಿಲ್ಲ. ಕೂಲಿಯಾದರೋ ಗಂಡಸರಿಗಿಂತ ಕಡಿಮೆ.

ಯುದ್ಧವು ಮುಗಿಯುತ್ತ ಬಂದಾಗ ಸೈನಿಕರಿಗೆ ದೊರೆಯಲಿದ್ದ ಗೌರವಧನವನ್ನು ಇವರಿಗೆ ನಿರಾಕರಿಸಲಾಯಿತು. ಈ ಅನ್ಯಾಯವನ್ನು ಪ್ರತಿಭಟಿಸಿ ಭೂಸೇನೆಯ ಮುಖ್ಯಸ್ಥೆಯಾದ ಲೇಡಿ ಡೆನ್‌ಮನ್ 1945ರ ಫೆಬ್ರವರಿಯಲ್ಲಿ ರಾಜೀನಾಮೆಯಿತ್ತರು. ಸಂಸ್ಥೆಯು 1950ರಲ್ಲಿ ವಿಸರ್ಜನೆಗೊಂಡಿತು. ಬದುಕುಳಿದ ಸದಸ್ಯೆಯರಿಗೆ ಬ್ರಿಟಿಷ್ ಸರಕಾರವು ಗೌರವ ಬಿಲ್ಲೆಯನ್ನು ನೀಡಿದ್ದು 2008ರಲ್ಲಿ. ಆ ವೇಳೆಗೆ ಅನೇಕರು ಕಣ್ಮುಚ್ಚಿದ್ದರು, ಉಳಿದವರು ಮುಪ್ಪಿನವರಾಗಿದ್ದರು.

ಹೆಸರು ದಾಖಲಾಗಿದ್ದವರೇ ಇಷ್ಟು ಕಾಯಬೇಕಾಯಿತೆಂದ ಮೇಲೆ, ಹಾಜರಿ ಪುಸ್ತಕವೇ ಇಲ್ಲದ ನಮ್ಮ ಹೊಲಗಳ ಹೆಣ್ಣುಮಕ್ಕಳ ಪಾಡೇನು? 1943ರಲ್ಲಿ ಹದಿನೆಂಟರ ಹರೆಯದಲ್ಲಿದ್ದವಳು ಇಂದು ಜೀವಿಸಿದ್ದರೆ ನೂರರ ಆಸುಪಾಸಿನಲ್ಲಿರುತ್ತಾಳೆ. ಅವಳ ಬಾಯಿಂದ ಕೇಳುವ ಕಾಲವು ಬಹುಮಟ್ಟಿಗೆ ಮೀರಿತು. ಅವಳ ಮಕ್ಕಳು, ಮೊಮ್ಮಕ್ಕಳು ನಮ್ಮ ನಡುವೆ ಇದ್ದಾರೆ. ನೂರು ವರ್ಷಗಳನ್ನು ಹಿಂದಿರುಗಿ ನೋಡುವ ಈ ಶುಭಸಂದರ್ಭದಲ್ಲಿ, ಪ್ರಿಯ ವಾಚಕರೇ, ನಿಮ್ಮ ಮನೆಯ ಹಿರಿಯರ ಬಳಿ ಕುಳಿತು, ಅಜ್ಜಿ ಯಾರ ಹೊಲದಲ್ಲಿ ದುಡಿದಳು, ಕೂಲಿಗೆ ಎಷ್ಟು ಕಾಳು ತಂದಳು, ಆ ವರ್ಷಗಳಲ್ಲಿ ಏನನ್ನುಂಡಳು ಎಂದು ಕೇಳಿ ಬರೆದಿಡಿರಿ. ಕಟ್ಟಡಗಳ ಚರಿತ್ರೆಯನ್ನು ಕಲ್ಲುಗಳು ಹೇಳಿಯಾವು. ಅನ್ನವಿತ್ತ ಕೈಗಳ ಚರಿತ್ರೆಯನ್ನು ನಾವೇ ಹೇಳಬೇಕು.